ತೊಟ್ಟಿಯ ಕಪ್ಪೆಗೆ ತುತ್ತು ತಲುಪಬೇಕು

ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಜೊತೆ ಕವರಿನಲ್ಲಿ ಕಟ್ಟಿಕೊಡುವ ಪುಟ್ಟ ನೀರುಗಪ್ಪೆ ಎಷ್ಟೋ ಮನೆಗಳಲ್ಲಿ ಹಸಿವಿನಿಂದಲೇ ಸಾಯುತ್ತದೆ. ಊಟ ಹಾಕುವವರಿಲ್ಲದೆ ಅಲ್ಲ. ಬೆಳಿಗ್ಗೆ ಸಂಜೆ ಚಿಟಿಕೆ ಕಾಳು ಹಾಕುತ್ತಾರೆ, ಮೀನುಗಳು ಮೇಲೆದ್ದು ಕಿತ್ತಾಡಿ ತಿನ್ನುತ್ತವೆ, ಎರಡು ನಿಮಿಷದಲ್ಲಿ ಕಾಳು ಖಾಲಿ. ಕಪ್ಪೆಯೂ ತಿಂದಿರಬೇಕು ಎಂದು ಮನೆಯವರು ನಂಬುತ್ತಾರೆ. ಅದು ತಳದಲ್ಲಿ ಕಲ್ಲಿನ ಮರೆಗೆ ಕೂತು, ವಾಸನೆ ಮಾತ್ರ ಕುಡಿದು, ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿರುತ್ತದೆ. ಕಪ್ಪೆ ವಾರಗಟ್ಟಲೆ ಉಪವಾಸ ತಡೆಯುವ ಪ್ರಾಣಿ. ಹೀಗಾಗಿ ಸೊರಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಸಾತನೂರಿನಂಥ ಊರಿನಲ್ಲಿ ಕೂತು ಈ ಕಪ್ಪೆಯನ್ನು ಸಾಕುವವರಿಗೆ ಇನ್ನೊಂದು ಕಷ್ಟವಿದೆ. ಹೆಪ್ಪುಗಟ್ಟಿಸಿದ ಹುಳುವಿನ ಪ್ಯಾಕೆಟ್ ಬೇಕೆಂದರೆ ಕನಕಪುರಕ್ಕೋ ರಾಮನಗರಕ್ಕೋ ಹೋಗಿ ವಿಚಾರಿಸಬೇಕು, ಅಲ್ಲಿಲ್ಲದಿದ್ದರೆ ಬೆಂಗಳೂರೇ ಗತಿ. ಆದರೆ ಕಪ್ಪೆ ತಿನ್ನಬಹುದಾದ ಜೀವಂತ ಆಹಾರ ಬೆಂಗಳೂರಿನ ಅಪಾರ್ಟ್‌ಮೆಂಟಿಗಿಂತ ಇಲ್ಲೇ ಹೆಚ್ಚು ಸುಲಭವಾಗಿ ಸಿಗುತ್ತದೆ. ರೇಷ್ಮೆ ಹುಳವಿದೆ, ಗೊಬ್ಬರದ ಗುಂಡಿಯಲ್ಲಿ ಎರೆಹುಳುವಿದೆ. ಅದೇ ಹಿತ್ತಿಲಲ್ಲಿ ಕಪ್ಪೆಯನ್ನು ಒಂದೇ ದಿನದಲ್ಲಿ ಕೊಲ್ಲುವ ವಸ್ತುಗಳೂ ಇವೆ. ಯಾವುದನ್ನು ಹೇಗೆ ಕೊಡಬೇಕು, ಯಾವುದನ್ನು ಕೈಯಲ್ಲಿ ಮುಟ್ಟಿ ತೊಟ್ಟಿಗೆ ಕೈ ಹಾಕಬಾರದು ಎಂಬುದು ತಿಳಿದಿರಬೇಕು.

ಮೊದಲು, ನಿಮ್ಮಲ್ಲಿರುವುದು ಯಾವ ಕಪ್ಪೆ ಎಂದು ನೋಡಿಕೊಳ್ಳಿ. ನಮ್ಮ ಅಂಗಡಿಗಳಿಗೆ ಸಾಮಾನ್ಯವಾಗಿ ಬರುವುದು ಎರಡು ಜಾತಿ, ಎರಡೂ ಆಫ್ರಿಕಾದವು, ಎರಡೂ ಜೀವಮಾನವಿಡೀ ನೀರಿನಲ್ಲೇ ಇರುವಂಥವು. ಒಂದು ಡ್ವಾರ್ಫ್ ಫ್ರಾಗ್, ಅಂದರೆ ಕುಬ್ಜ ಕಪ್ಪೆ. ಪೂರ್ತಿ ಬೆಳೆದರೂ ಮೈ ಮೂರು ನಾಲ್ಕು ಸೆಂಟಿಮೀಟರ್ ದಾಟುವುದು ಕಡಿಮೆ. ಇನ್ನೊಂದು ಕ್ಲಾಡ್ ಫ್ರಾಗ್, ಉಗುರುಗಪ್ಪೆ. ಅಂಗಡಿಯಲ್ಲಿ ಇದರ ಬಿಳಿ ಮೈ, ಕೆಂಪು ಕಣ್ಣಿನ ತಳಿಯೇ ಹೆಚ್ಚು ಕಾಣುವುದು. ಮರಿಯಿದ್ದಾಗ ಎರಡೂ ಒಂದೇ ಅಳತೆ. ಆದರೆ ಉಗುರುಗಪ್ಪೆಯ ಹೆಣ್ಣು ಹತ್ತು ಹನ್ನೆರಡು ಸೆಂಟಿಮೀಟರ್ ತನಕ ಬೆಳೆದು ತೊಟ್ಟಿಯ ಮೀನನ್ನೆಲ್ಲ ನುಂಗಿಹಾಕುತ್ತದೆ. ಮುಂಗೈ ನೋಡಿದರೆ ಗುರುತು ಸಿಗುತ್ತದೆ. ಕುಬ್ಜ ಕಪ್ಪೆಗೆ ನಾಲ್ಕೂ ಕಾಲಲ್ಲಿ ಬೆರಳುಗಳ ನಡುವೆ ಜಾಲಪೊರೆ ಇರುತ್ತದೆ. ಉಗುರುಗಪ್ಪೆಗೆ ಹಿಂಗಾಲಲ್ಲಿ ಮಾತ್ರ, ಮುಂಗೈ ಬೆರಳುಗಳು ಬಿಡಿಬಿಡಿ. ಕುಬ್ಜ ಕಪ್ಪೆಯ ಕಣ್ಣು ತಲೆಯ ಪಕ್ಕದಲ್ಲಿದ್ದರೆ, ಉಗುರುಗಪ್ಪೆಯದು ನೆತ್ತಿಯ ಮೇಲೆ ಆಕಾಶ ನೋಡುತ್ತಿರುತ್ತದೆ. ಇಲ್ಲಿ ಹೆಚ್ಚಿನ ಮಾತು ಕುಬ್ಜ ಕಪ್ಪೆಯದೇ, ಏಕೆಂದರೆ ಉಪವಾಸ ಬೀಳುವುದು ಅದೇ. ಉಗುರುಗಪ್ಪೆಯ ಕಷ್ಟ ಅಜೀರ್ಣದ್ದು, ಅದಕ್ಕೆ ಆಮೇಲೆ ಬರೋಣ.

ಕಪ್ಪೆ ಎಂದರೆ ನಾಲಿಗೆ ಚಾಚಿ ನೊಣ ಹಿಡಿಯುವ ಪ್ರಾಣಿ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಈ ಎರಡು ಕಪ್ಪೆಗಳಿಗೆ ನಾಲಿಗೆಯೇ ಇಲ್ಲ. ಕುಬ್ಜ ಕಪ್ಪೆ ತಿನ್ನುವುದನ್ನು ಒಂದು ಸಂಜೆ ಗಾಜಿಗೆ ಮುಖವಿಟ್ಟು ನೋಡಿ. ಒಂದು ಕೆಂಪು ಹುಳು ಅದರಿಂದ ಒಂದು ಗೇಣು ದೂರದಲ್ಲಿ ಬಿದ್ದರೆ ಅದಕ್ಕೆ ಕಾಣುವುದಿಲ್ಲ. ಕಣ್ಣು ಮಂದ. ಸ್ವಲ್ಪ ಹೊತ್ತಿನ ಮೇಲೆ ವಾಸನೆ ನೀರಲ್ಲಿ ಹರಡಿ ತಲುಪುತ್ತದೆ. ಆಗ ಕಪ್ಪೆ ತಲೆಯನ್ನು ಅತ್ತ ಇತ್ತ ಆಡಿಸುತ್ತದೆ, ಮುಂಗೈಯನ್ನು ಮುಂದಕ್ಕೆ ಬಿಡಿಸಿಟ್ಟು, ತಳ ತಡವುತ್ತಾ ಒಂದೊಂದೇ ಹೆಜ್ಜೆ ಬರುತ್ತದೆ. ಹುಳುವಿನ ತೀರಾ ಹತ್ತಿರ ಬಂದು ಮತ್ತೆ ನಿಲ್ಲುತ್ತದೆ. ತಪ್ಪು ದಿಕ್ಕಿಗೆ ಹೊರಟು ಮರಳುವುದೂ ಉಂಟು. ಮೂತಿಯ ಮುಂದೆ, ಒಂದು ಸೆಂಟಿಮೀಟರಿನೊಳಗೆ ಹುಳು ಅಲುಗಾಡಿದರೆ ಗಂಟಲನ್ನು ಒಮ್ಮೆಲೇ ಕೆಳಕ್ಕೆ ಎಳೆದು ಬಾಯಿ ತೆರೆಯುತ್ತದೆ. ನೀರು ಒಳನುಗ್ಗುತ್ತದೆ, ಅದರ ಜೊತೆ ಹುಳುವೂ ಹೋಗುತ್ತದೆ. ಹುಳು ಉದ್ದವಿದ್ದು ಅರ್ಧ ಹೊರಗೆ ನೇತಾಡಿದರೆ ಎರಡೂ ಕೈಯಿಂದ ಬಾಯಿಯೊಳಕ್ಕೆ ತುರುಕಿಕೊಳ್ಳುತ್ತದೆ. ಇಷ್ಟಕ್ಕೆ ಒಂದು ನಿಮಿಷವೂ ಆಗಬಹುದು, ಮೂರು ನಿಮಿಷವೂ ಆಗಬಹುದು. ಅಷ್ಟರಲ್ಲಿ ಹಸಿದ ಒಂದು ಗಪ್ಪಿ ಮೀನು ಆ ಹುಳುವನ್ನು ಎತ್ತಿಕೊಂಡು ಹೋಗಿ ಮೂರು ಸುತ್ತು ಹಾಕಿರುತ್ತದೆ.

ಕಪ್ಪೆಗೆ ಏನು ಕೊಡಬೇಕು ಎನ್ನುವುದಕ್ಕಿಂತ ಹೇಗೆ ತಲುಪಿಸಬೇಕು ಎನ್ನುವುದು ದೊಡ್ಡ ವಿಷಯ. ಬರೀ ಕಪ್ಪೆಗಳೇ ಇರುವ ತೊಟ್ಟಿಯೇ ಎಲ್ಲಕ್ಕಿಂತ ಒಳ್ಳೆಯದು. ನಲವತ್ತು ಲೀಟರಿನ ತೊಟ್ಟಿ ಮೂರು ನಾಲ್ಕು ಕುಬ್ಜ ಕಪ್ಪೆಗೆ ಧಾರಾಳ. ಮೀನಿನ ಜೊತೆಗೇ ಇಡುವುದಾದರೆ ನಿಧಾನದ, ಸಣ್ಣ ಬಾಯಿಯ ಮೀನಿರಲಿ. ಗೋಲ್ಡ್ ಫಿಶ್ ಜೊತೆ ಮಾತ್ರ ಬೇಡ. ಅದು ಕಪ್ಪೆಯ ಪಾಲನ್ನೂ ತಿನ್ನುತ್ತದೆ, ಒಮ್ಮೊಮ್ಮೆ ಕಪ್ಪೆಯ ಕಾಲನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ.

ಊಟಕ್ಕೆ ಒಂದು ಜಾಗ ಗೊತ್ತು ಮಾಡಿ. ಹೊಸ ಮಣ್ಣಿನ ಹಣತೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಣ್ಣ ಬಳಿಯದ, ಎಣ್ಣೆ ಕಾಣದ ಹಣತೆಯನ್ನು ಎರಡು ದಿನ ನೀರಲ್ಲಿ ನೆನೆಸಿ ತೊಟ್ಟಿಯ ಮುಂಭಾಗದ ಒಂದು ಮೂಲೆಯಲ್ಲಿಡಿ. ತುತ್ತು ಯಾವಾಗಲೂ ಅದರೊಳಗೇ ಬೀಳಲಿ. ಇಳಿಸುವುದಕ್ಕೆ ಉದ್ದ ಮೂತಿಯ ಫಿಲ್ಲರ್ ಅಥವಾ ಸೂಜಿ ತೆಗೆದ ಸಿರಿಂಜಿಗೆ ಒಂದು ಗೇಣು ಏರ್‌ಪಂಪಿನ ಪೈಪು ಸಿಕ್ಕಿಸಿಕೊಂಡರೆ ಸಾಕು. ಮೀನಿದ್ದರೆ ಮೊದಲು ತೊಟ್ಟಿಯ ಆ ತುದಿಯಲ್ಲಿ ಮೀನಿಗೆ ತೇಲುವ ಕಾಳು ಹಾಕಿ, ಅವು ಅಲ್ಲಿ ಮುತ್ತಿಕೊಂಡಾಗ ಈ ತುದಿಯಲ್ಲಿ ಕಪ್ಪೆಗೆ ಇಳಿಸಿ. ಫಿಲ್ಟರ್ ಹತ್ತು ಹದಿನೈದು ನಿಮಿಷ ಆಫ್ ಮಾಡಿದರೆ ತುತ್ತು ಕೊಚ್ಚಿಹೋಗುವುದಿಲ್ಲ, ಮತ್ತೆ ಆನ್ ಮಾಡಲು ಮರೆಯಬೇಡಿ. ಪ್ರತಿ ಸಲವೂ ಒಂದೇ ಹೊತ್ತಿಗೆ, ಊಟಕ್ಕೆ ಮುನ್ನ ಗಾಜಿನ ಅಂಚಿಗೆ ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟಿ ಕೊಡುತ್ತಾ ಬಂದರೆ ಕೆಲವು ವಾರಗಳಲ್ಲಿ ಕಪ್ಪೆಗಳು ತಟ್ಟಿದ ಕೂಡಲೇ ಹಣತೆಯ ಹತ್ತಿರ ಬಂದು ಕೂರುವುದನ್ನು ಕಲಿಯುತ್ತವೆ. ಇದನ್ನು ಕಲಿತ ಕಪ್ಪೆ ಮೀನುಗಳ ನಡುವೆಯೂ ಬದುಕಿಕೊಳ್ಳುತ್ತದೆ. ಸಂಜೆ, ದೀಪದ ಬೆಳಕು ಕಡಿಮೆ ಮಾಡಿದ ಮೇಲೆ ಕೊಟ್ಟರೆ ಅವು ಹೆಚ್ಚು ಚುರುಕು.

ಇನ್ನು ತುತ್ತಿನ ವಿಚಾರ. ಕುಬ್ಜ ಕಪ್ಪೆ ಮಾಂಸಾಹಾರಿ. ದೇವಸ್ಥಾನದ ಕಲ್ಯಾಣಿಯಲ್ಲಿ ಮೀನಿಗೆ ಪುರಿ ಎರಚುವ ರೂಢಿಯಿಂದ ಮಕ್ಕಳು ಇದಕ್ಕೂ ಪುರಿ, ಬ್ರೆಡ್ಡು, ಅನ್ನದ ಅಗುಳು ಹಾಕುತ್ತಾರೆ. ಕಪ್ಪೆ ಅದನ್ನು ಮೂಸುವುದೂ ಇಲ್ಲ, ನೀರು ಮಾತ್ರ ಹುಳಿಯುತ್ತದೆ. ಮೀನಿಗೆ ಹಾಕುವ ತೇಲುವ ಫ್ಲೇಕ್ಸ್ ಕೂಡ ಅದಕ್ಕೆ ಪ್ರಯೋಜನವಿಲ್ಲ, ತಳದಲ್ಲಿ ಹುಡುಕುವ ಪ್ರಾಣಿಗೆ ತೇಲುವ ಊಟ ಸಿಗುವುದಿಲ್ಲ.

ಅಂಗಡಿಯಿಂದ ತರುವುದರಲ್ಲಿ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಮೊದಲನೆಯದು. ಹೆಸರಿಗೆ ವರ್ಮ್ ಆದರೂ ಇದು ಸೊಳ್ಳೆಯನ್ನೇ ಹೋಲುವ, ಆದರೆ ಕಚ್ಚದ ಒಂದು ನೊಣದ ಮರಿಹುಳು. ಕಪ್ಪೆಗೆ ಪ್ರಾಣ. ಚೌಕಾಕಾರದ ಬಿಲ್ಲೆಗಳ ಹಾಳೆಯಲ್ಲಿ ಬರುತ್ತದೆ. ಮೂರು ನಾಲ್ಕು ಕಪ್ಪೆಗೆ ಒಂದು ಬಿಲ್ಲೆಯ ಕಾಲು ಭಾಗ ಒಂದು ಹೊತ್ತಿಗೆ ಆಗುತ್ತದೆ. ಅದನ್ನು ಲೋಟದಲ್ಲಿ ತೊಟ್ಟಿಯದೇ ನೀರು ಹಾಕಿ ಕರಗಲು ಬಿಟ್ಟು, ಕೆಂಪು ನೀರನ್ನು ಚೆಲ್ಲಿ, ಹುಳುವನ್ನಷ್ಟೇ ಕೊಡಬೇಕು. ಹೆಪ್ಪುಗಟ್ಟಿದ ಗಡ್ಡೆಯನ್ನು ಹಾಗೇ ತೊಟ್ಟಿಗೆ ಎಸೆಯಬಾರದು. ಬೆಂಗಳೂರಿನಿಂದ ಸಾತನೂರಿಗೆ ಬಸ್ಸಿನಲ್ಲಿ ತರುವವರು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಜೊತೆ ತನ್ನಿ. ದಾರಿಯಲ್ಲಿ ಕರಗಿ ಮೆತ್ತಗಾದದ್ದನ್ನು ಮತ್ತೆ ಫ್ರೀಜರಿಗೆ ಇಟ್ಟು ಗಟ್ಟಿ ಮಾಡಿ ಬಳಸಬೇಡಿ. ಕರೆಂಟು ತಾಸುಗಟ್ಟಲೆ ಹೋದ ದಿನದ ಮಾತೂ ಇದೇ. ಮೂಗಿಗೆ ಹಿಡಿದಾಗ ಕೊಳೆತ ವಾಸನೆ ಬಂದರೆ ಗಿಡದ ಬುಡಕ್ಕೆ ಹಾಕಿಬಿಡಿ.

ಆದರೆ ಬ್ಲಡ್‌ವರ್ಮ್ ಒಂದನ್ನೇ ವರ್ಷವಿಡೀ ಕೊಡುವುದು ಸರಿಯಲ್ಲ. ಅದರಲ್ಲಿ ಸುಣ್ಣದಂಶ ಕಡಿಮೆ. ನಡುನಡುವೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿ, ಡ್ಯಾಫ್ನಿಯಾ ಎಂಬ ನೀರುಚಿಗಟ, ವಾರಕ್ಕೊಂದೆರಡು ಸಲ ತಳಕ್ಕೆ ಮುಳುಗುವ ಸಣ್ಣ ಪೆಲೆಟ್ ಸೇರಿಸಿ. ಡ್ಯಾಫ್ನಿಯಾ ಹೊಟ್ಟೆ ಕಟ್ಟಿದ ಕಪ್ಪೆಗೂ ಒಳ್ಳೆಯದು. ಪೆಲೆಟ್ಟನ್ನು ಕೆಲವು ಕಪ್ಪೆಗಳು ತಿಂಗಳಾದರೂ ಮುಟ್ಟುವುದಿಲ್ಲ. ಬ್ಲಡ್‌ವರ್ಮ್ ಕರಗಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ಕೊಟ್ಟು ನೋಡಿ.

ಎಲ್ಲ ಅಂಗಡಿಗಳಲ್ಲೂ ಸಿಗುವ ಒಣಗಿಸಿದ ಟ್ಯೂಬಿಫೆಕ್ಸ್ ಹುಳುವಿನ ಗಡ್ಡೆಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದು ತೇಲುತ್ತದೆ, ನೆನೆಸದೆ ಕೊಟ್ಟರೆ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ. ಬೇರೆ ಏನೂ ಇಲ್ಲದ ದಿನ ಅರ್ಧ ಗಂಟೆ ನೆನೆಸಿ, ಹಿಂಡಿ, ಮುಳುಗುವಂತೆ ಮಾಡಿ ಕೊಡಬಹುದು. ಜೀವಂತ ಟ್ಯೂಬಿಫೆಕ್ಸ್ ಅಂತೂ ಬೇಡವೇ ಬೇಡ. ಅದು ಬೆಳೆಯುವುದು ಚರಂಡಿಯ ಕೆಸರಿನಲ್ಲಿ, ಅಲ್ಲಿನ ರೋಗಾಣುವೂ ಲೋಹದ ವಿಷವೂ ಅದರ ಮೈಯಲ್ಲಿ ಬರುತ್ತದೆ.

ಈಗ ನಮ್ಮ ಸೀಮೆಯ ಆಹಾರಕ್ಕೆ ಬರೋಣ. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಕನಕಪುರ, ಸಾತನೂರು ಕಡೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟವಿಲ್ಲದ ದಾರಿ ಸಿಗುವುದು ಕಷ್ಟ. ಹೊರದೇಶಗಳಲ್ಲಿ ಕಪ್ಪೆ, ಹಲ್ಲಿ ಸಾಕುವವರು ರೇಷ್ಮೆ ಹುಳವನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಮೈ ಮೆತ್ತಗಿರುತ್ತದೆ, ಗಟ್ಟಿ ಚಿಪ್ಪಿಲ್ಲ, ಸುಲಭವಾಗಿ ಜೀರ್ಣವಾಗುತ್ತದೆ. ನಮ್ಮಲ್ಲಿ ಹುಳ ಮನೆಯ ಹಾಸಿಗೆ ಬದಲಿಸುವಾಗ ಹಿಂದೆ ಬಿದ್ದ ನಾಲ್ಕಾರು ಹುಳವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಎಳೆಯ ಚಾಕಿ ಹುಳ, ಸುಮಾರು ಒಂದು ಸೆಂಟಿಮೀಟರ್ ಉದ್ದದ್ದು, ಕುಬ್ಜ ಕಪ್ಪೆಗೆ ಕತ್ತರಿಸಿ ಕೊಡಲು ತಕ್ಕ ಅಳತೆ. ಬ್ಲೇಡಿನಿಂದ ಎರಡು ಮೂರು ತುಂಡು ಮಾಡಿ, ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಅಲುಗಾಡಿಸಿ. ಇಡೀ ಹುಳ ಹಾಕಿದರೆ ತೇಲಿಹೋಗುತ್ತದೆ. ವಾರಕ್ಕೊಮ್ಮೆ ಸಾಕು.

ಹುಳ ಎಲ್ಲಿಂದ ಬಂತು ಎನ್ನುವುದನ್ನು ಕೇಳದೆ ತರಬೇಡಿ. ರೇಷ್ಮೆ ಹುಳ ಕೀಟನಾಶಕಕ್ಕೆ ಎಷ್ಟು ಸೂಕ್ಷ್ಮವೆಂದರೆ ಸೊಪ್ಪಿನಲ್ಲಿ ಒಂದಿಷ್ಟು ವಿಷ ಉಳಿದಿದ್ದರೂ ಹುಳ ಸಾಯುತ್ತದೆ. ಚೆನ್ನಾಗಿ ಸೊಪ್ಪು ಮೇಯುತ್ತಿರುವ ಹುಳವೆಂದರೆ ಸೊಪ್ಪಿನಲ್ಲಿ ಕೀಟನಾಶಕ ಇಲ್ಲದಿರುವ ಸಾಧ್ಯತೆ ಹೆಚ್ಚು. ಆದರೆ ಹುಳದ ಮೈಮೇಲೆ ಇನ್ನೊಂದು ಬಗೆಯ ಅಪಾಯ ಇರುತ್ತದೆ. ಜ್ವರ ಎದ್ದಾಗ ಹಾಸಿಗೆಗೆ ಧೂಳೀಕರಿಸುವ ಸೋಂಕುನಾಶಕ ಪುಡಿ, ಅರಳಿದ ಸುಣ್ಣ, ಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಇವೆಲ್ಲ ಕಪ್ಪೆಗೆ ವಿಷ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ನೀರಿಗೆ ಬಿದ್ದದ್ದೆಲ್ಲ ಅದರ ಮೈಯೊಳಗೆ ಹೋಗುತ್ತದೆ. ಪುಡಿ ಹೊಡೆದ ದಿನ ಹುಳ ಬೇಡ. ಬೇರೆ ದಿನ ತಂದರೂ ಒಂದು ಹಗಲು ತೊಳೆದ ಸೊಪ್ಪಿನ ಮೇಲೆ ಬಿಟ್ಟು, ನೀರಲ್ಲಿ ಅದ್ದಿ ತೆಗೆದು ಕೊಡಿ. ಹುಳ ಮನೆಯಲ್ಲಿ ಕೆಲಸ ಮಾಡಿ ಬಂದ ಕೈಯನ್ನು ಬರೀ ನೀರಲ್ಲಿ ಹಲವು ಸಲ ಉಜ್ಜಿ ತೊಳೆಯದೆ ತೊಟ್ಟಿಗೆ ಹಾಕಬೇಡಿ. ಅಲ್ಲಿನ ಬಕೆಟ್ಟು, ಮಗ್ಗು ಇತ್ತ ಬರುವುದೂ ಬೇಡ. ಅಕ್ವೇರಿಯಂಗೆಂದೇ ಒಂದು ಬಕೆಟ್ ತೆಗೆದಿಡಿ, ಅದಕ್ಕೆ ಯಾವತ್ತೂ ಸೋಪು ಮುಟ್ಟಿಸಬೇಡಿ.

ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಬಿದ್ದ ಬೆಳೆಯ ಹುಳವನ್ನು "ಹೇಗೂ ಎಸೆಯುವುದೇ ತಾನೆ" ಎಂದು ತಂದು ಹಾಕಬಾರದು. ರೋಗದ ಹುಳ ಕೊಳೆಯತೊಡಗಿದ ಮಾಂಸವೇ ಆಗಿರುತ್ತದೆ. ರೈತರು ಅದನ್ನು ಸುಟ್ಟೋ ಹೂತೋ ಹಾಕುವುದು ಮುಂದಿನ ಬೆಳೆಗೆ ಸೋಂಕು ಹಬ್ಬದಿರಲೆಂದು. ಅದನ್ನು ಮನೆಯಿಂದ ಮನೆಗೆ ಹೊತ್ತು ತಿರುಗುವುದು ಪಕ್ಕದವರ ಬೆಳೆಗೂ ಕೇಡು. ರೇಷ್ಮೆ ಹುಳವನ್ನು ಕಾಡುವ ಊಜಿ ನೊಣದ ಮರಿಹುಳುವನ್ನು ಸಾಬೂನು ನೀರಿನಲ್ಲಿ ಹಾಕಿ ಕೊಂದಿರುತ್ತಾರೆ, ಅದೂ ಬೇಡ.

ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಬಗ್ಗೆ ಬಹಳ ಜನ ಕೇಳುತ್ತಾರೆ. ಮೀನು, ಕೋಳಿಯ ಮೇವಿಗೆ ಅದು ಹೋಗುವುದು ನಿಜ. ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಆದರೆ ಕಾಲು ಭಾಗದಷ್ಟು ಕೊಬ್ಬೂ ಇರುತ್ತದೆ. ಆ ಎಣ್ಣೆ ಬೇಗ ಕಮಟುತ್ತದೆ. ಬಿಚ್ಚಾಣಿಕೆ ಘಟಕದ ಪಕ್ಕ ಹಾದುಹೋದವರಿಗೆ ಆ ವಾಸನೆ ಗೊತ್ತು. ಎಕರೆಗಟ್ಟಲೆ ನೀರಿರುವ ಮೀನಿನ ಹೊಂಡಕ್ಕೆ ಇದು ನಡೆದೀತು, ನಲವತ್ತು ಲೀಟರಿನ ಗಾಜಿನ ತೊಟ್ಟಿಗೆ ನಡೆಯುವುದಿಲ್ಲ. ಒಂದೇ ಒಂದು ಪ್ಯೂಪಾ ಒಡೆದರೂ ನೀರಿನ ಮೇಲೆ ಎಣ್ಣೆಯ ಪದರ ಕಟ್ಟುತ್ತದೆ. ಈ ಕಪ್ಪೆಗಳಿಗೆ ಶ್ವಾಸಕೋಶವಿದೆ, ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು, ಬಂದಾಗೆಲ್ಲ ಆ ಎಣ್ಣೆಯನ್ನು ಸೀಳಿಕೊಂಡು ಬರಬೇಕು. ನನ್ನ ಮಾತು ಕೇಳಿ, ಪ್ಯೂಪಾ ಬೇಡ.

ನನ್ನ ಮಟ್ಟಿಗೆ ಇಲ್ಲಿ ಸಿಗುವ ಅತ್ಯುತ್ತಮ ಆಹಾರ ಎರೆಹುಳು. ಸುಣ್ಣದಂಶವೂ ಸೇರಿ ಕಪ್ಪೆಗೆ ಬೇಕಾದದ್ದು ಅದರಲ್ಲಿ ಚೆನ್ನಾಗಿದೆ, ಕಾಸಿನ ಖರ್ಚಿಲ್ಲ. ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತದೆ. ಯೂಡ್ರಿಲಸ್ ಎಂಬ ದಪ್ಪನೆಯ, ನೇರಳೆ ಹೊಳಪಿನ ಹುಳು ಒಳ್ಳೆಯದು. ಐಸೀನಿಯಾ ಎಂಬ ಕೆಂಪು ಪಟ್ಟೆಪಟ್ಟೆಯ ಹುಳು ಕತ್ತರಿಸಿದಾಗ ಹಳದಿ ಬಣ್ಣದ ಘಾಟು ರಸ ಬಿಡುತ್ತದೆ, ಎಷ್ಟೋ ಕಪ್ಪೆಗಳು ಅದನ್ನು ಬಾಯಿಗೆ ಹಾಕಿ ಉಗುಳಿಬಿಡುತ್ತವೆ. ಕಳೆನಾಶಕ, ಗುಳಿಗೆ ಗೊಬ್ಬರ ಬಿದ್ದ ಹೊಲದ ಹುಳು ತರಬೇಡಿ. ತಂದದ್ದನ್ನು ಒಂದು ರಾತ್ರಿ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗುತ್ತದೆ. ಬೆಳಿಗ್ಗೆ ತೊಳೆದು, ಕುಬ್ಜ ಕಪ್ಪೆಗಾದರೆ ಎರಡು ಮೂರು ಮಿಲಿಮೀಟರಿನ ಚೂರಾಗಿ ಕೊಚ್ಚಿ, ಮತ್ತೊಮ್ಮೆ ತೊಳೆದು ಕೊಡಿ. ಕಪ್ಪೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡ ತುಂಡು ಬೇಡ. ಕೊಚ್ಚಿದ್ದು ಹೆಚ್ಚಾದರೆ ತೆಳುವಾಗಿ ಹರಡಿ ಫ್ರೀಜರಿನಲ್ಲಿಟ್ಟುಕೊಳ್ಳಬಹುದು.

ಸೊಳ್ಳೆಯ ಮರಿಹುಳುವೂ ಕಪ್ಪೆಗೆ ಬಲು ಇಷ್ಟ. ಜೀವಂತವಾಗಿ ಕುಣಿಯುವ ಹುಳುವನ್ನು ಕಂಡರೆ ಎಂಥ ಸೋಮಾರಿ ಕಪ್ಪೆಯೂ ಎದ್ದು ಬರುತ್ತದೆ. ಆದರೆ ಅದಕ್ಕೆಂದು ಹಿತ್ತಿಲಲ್ಲಿ ಬಕೆಟ್ ಇಟ್ಟು ನೀರು ನಿಲ್ಲಿಸುವುದನ್ನು ಮಾಡಲೇಬಾರದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಅಂಥ ತಿಳಿನೀರಿನಲ್ಲೇ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿದೆ. ತೆಂಗಿನ ಚಿಪ್ಪಿನಲ್ಲೋ ಹೂಕುಂಡದ ತಟ್ಟೆಯಲ್ಲೋ ತಾನಾಗಿ ಹುಟ್ಟಿದ್ದು ಕಂಡರೆ ಟೀ ಸೋಸುವ ಜಾಲರಿಯಲ್ಲಿ ಸೋಸಿ, ತೊಳೆದು, ಆ ದಿನವೇ ಕೊಟ್ಟು, ಉಳಿದ ನೀರನ್ನು ಬಿಸಿಲಿಗೆ ಚೆಲ್ಲಿ. ಕಪ್ಪೆ ತಿನ್ನದೆ ಬಿಟ್ಟದ್ದು ಎರಡು ಮೂರು ದಿನದಲ್ಲಿ ಸೊಳ್ಳೆಯಾಗಿ ಮನೆಯೊಳಗೇ ಹಾರುತ್ತದೆ, ಆದ್ದರಿಂದ ಎಣಿಸಿ ಹಾಕುವಷ್ಟೇ ಹಾಕಿ. ಆರೋಗ್ಯ ಇಲಾಖೆಯವರು ಲಾರ್ವಾ ನಾಶಕ ಹಾಕಿ ಹೋದ ತೊಟ್ಟಿಯಿಂದ ಏನನ್ನೂ ತೆಗೆದು ಕೊಡಬೇಡಿ. ಗದ್ದೆಯ ಬದುವಿನ ನೀರೂ ಬೇಡ, ಅಲ್ಲಿ ಔಷಧಿ ಹೊಡೆದಿರುತ್ತಾರೆ.

ಎಷ್ಟು ಕೊಡಬೇಕು? ಎಳೆಯ ಕಪ್ಪೆಗೆ ದಿನವೂ ಸ್ವಲ್ಪ, ಬೆಳೆದ ಕುಬ್ಜ ಕಪ್ಪೆಗೆ ದಿನ ಬಿಟ್ಟು ದಿನ. ಒಂದು ಹೊತ್ತಿಗೆ ಒಂದು ಕಪ್ಪೆಗೆ ಐದರಿಂದ ಹತ್ತು ಬ್ಲಡ್‌ವರ್ಮ್, ಅಥವಾ ಅಷ್ಟೇ ಗಾತ್ರದ ಎರೆಹುಳು ಚೂರು. ಹದಿನೈದು ನಿಮಿಷ ಬಿಟ್ಟು, ಉಳಿದದ್ದನ್ನು ಅದೇ ಫಿಲ್ಲರಿನಿಂದ ಎಳೆದು ತೆಗೆಯಿರಿ. ಹಣತೆಯ ಉಪಯೋಗ ಇಲ್ಲಿ ಇನ್ನೊಮ್ಮೆ ಗೊತ್ತಾಗುತ್ತದೆ, ಉಳಿಕೆ ಕಲ್ಲಿನ ಸಂದಿಗೆ ಸೇರಿಕೊಳ್ಳುವುದಿಲ್ಲ. ತಳಕ್ಕೆ ಸಣ್ಣ ಜಲ್ಲಿ ಹಾಕುವುದೂ ಒಳ್ಳೆಯದಲ್ಲ. ನೀರಿನ ಜೊತೆ ಎಲ್ಲವನ್ನೂ ಎಳೆದುಕೊಳ್ಳುವ ಬಾಯಿಗೆ ಜಲ್ಲಿಕಲ್ಲೂ ಹೋಗುತ್ತದೆ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣನೆಯ ತೊಳೆದ ಮರಳಾಗಲಿ, ನುಂಗಲಾಗದ ದಪ್ಪ ನದಿಗಲ್ಲಾಗಲಿ ಇರಲಿ.

ಮೇಲಿನಿಂದ ನೋಡಿದಾಗ ಕಪ್ಪೆಯ ಸೊಂಟದ ಮೂಳೆ ಎದ್ದು ಕಂಡು, ಪಕ್ಕೆ ಒಳಗೆ ಬಿದ್ದಿದ್ದರೆ ಊಟ ಸಾಲುತ್ತಿಲ್ಲ. ಅಂಥದನ್ನು ಒಂದು ವಾರ ಬೇರೆ ಡಬ್ಬಿಯಲ್ಲಿ, ತೊಟ್ಟಿಯದೇ ನೀರಲ್ಲಿಟ್ಟು ದಿನವೂ ಇಕ್ಕಳದಲ್ಲಿ ತಿನ್ನಿಸಿ. ಊಟದ ಮರುದಿನವೂ ಹೊಟ್ಟೆ ಗುಂಡಗೇ ಇದ್ದರೆ ಪ್ರಮಾಣ ತಗ್ಗಿಸಿ. ಇಡೀ ಮೈ ಬಲೂನಿನಂತೆ ಊದಿ, ಚರ್ಮ ಬಿಗಿದು, ಕಪ್ಪೆ ತಳಕ್ಕಿಳಿಯಲಾರದೆ ತೇಲಿದರೆ ಅದು ಅತಿ ಊಟದ ಲಕ್ಷಣವಲ್ಲ, ಮೈಯಲ್ಲಿ ನೀರು ತುಂಬುವ ಕಾಯಿಲೆ. ಸೂಜಿ ಚುಚ್ಚುವ, ಮೀನಿನ ಔಷಧಿ ಸುರಿಯುವ ಮನೆಮದ್ದು ಬೇಡ. ಮೀನಿನ ಕೆಲವು ಔಷಧಿಗಳಲ್ಲಿರುವ ತಾಮ್ರ ಕಪ್ಪೆಗೆ ಮಾರಕ. ಬೆಂಗಳೂರಿನಲ್ಲಿ ಹಕ್ಕಿ, ಆಮೆ ನೋಡುವ ಪಶುವೈದ್ಯರಲ್ಲಿ ಕೆಲವರು ಕಪ್ಪೆಯನ್ನೂ ನೋಡುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿ ಹೊರಡಿ. ಒಮ್ಮೊಮ್ಮೆ ಕಪ್ಪೆಯ ಮೈಯಿಂದ ತೆಳ್ಳನೆಯ ಪೊರೆ ಕಳಚಿ, ಕಪ್ಪೆ ಅದನ್ನು ತಾನೇ ತಿನ್ನುವುದು ಕಾಣುತ್ತದೆ. ಗಾಬರಿ ಬೇಡ, ಅದು ಸಹಜ. ಆ ದಿನ ಊಟ ಬೇಡವೆಂದರೂ ಸಹಜವೇ.

ಹಸಿವು ನೀರಿನ ಬಿಸಿಯ ಮೇಲೂ ನಿಂತಿದೆ. ಕುಬ್ಜ ಕಪ್ಪೆ ಕಾಂಗೋ ಸೀಮೆಯ ಕಾಡಿನ ನೀರಿನದು, ಅದಕ್ಕೆ 23ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ತೊಟ್ಟಿಯ ನೀರು ಇಪ್ಪತ್ತಕ್ಕಿಂತ ಕೆಳಗಿಳಿದರೆ ಕಪ್ಪೆ ಮಂಕಾಗಿ ಊಟ ಬಿಡುತ್ತದೆ. 25 ಡಿಗ್ರಿಗೆ ಇಟ್ಟ ಸಣ್ಣ ಹೀಟರ್ ಹಾಕಿ. ಏಪ್ರಿಲ್, ಮೇನಲ್ಲಿ ಶೀಟಿನ ಮನೆಯೊಳಗೆ ನೀರು ಮೂವತ್ತು ಮುಟ್ಟುತ್ತದೆ. ಆಗ ಉಳಿದ ತುತ್ತು ಒಂದೇ ತಾಸಿನಲ್ಲಿ ಕೊಳೆಯಲು ಶುರುವಾಗುತ್ತದೆ. ಊಟ ಕಡಿಮೆ ಮಾಡಿ, ತೊಟ್ಟಿಯನ್ನು ಬಿಸಿಲು ಬೀಳದ ಗೋಡೆಗೆ ಸರಿಸಿ, ಜಾಲರಿ ಮುಚ್ಚಳ ಇರಲಿ. ಮುಚ್ಚಳ ಯಾವ ಕಾಲದಲ್ಲೂ ಬೇಕು, ಹೊರಗೆ ಜಿಗಿದ ಕಪ್ಪೆ ತಾಸಿನೊಳಗೆ ಒಣಗಿ ಸಾಯಬಹುದು.

ನೀರನ್ನು ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಕೊಳಾಯಿಯ ಕ್ಲೋರಿನ್ ನೀರನ್ನು ಒಂದು ದಿನ ಬಾಯಿತೆರೆದ ಬಕೆಟ್ಟಿನಲ್ಲಿಟ್ಟು, ಕ್ಲೋರಿನ್ ಕಳೆಯುವ ಹನಿ ಹಾಕಿ ಬಳಸುವುದು ಕ್ಷೇಮ. ಬೋರ್‌ವೆಲ್ ನೀರು ಗಡಸು. ಹೀಟರಿಗೆ ಬಿಳಿ ಪದರ ಕಟ್ಟುವಷ್ಟು ಗಡಸಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ತಂದದ್ದನ್ನು ಅರ್ಧಕ್ಕರ್ಧ ಬೆರೆಸಿ. ಬರೀ ಘಟಕದ ನೀರನ್ನೇ ತುಂಬಬೇಡಿ, ಅದರಲ್ಲಿ ಲವಣಾಂಶ ಸಾಲದು.

ಉಗುರುಗಪ್ಪೆ ತಂದವರಿಗೆ ಬೇರೆಯ ಮಾತು. ಇದು ಚರಿತ್ರೆಯುಳ್ಳ ಪ್ರಾಣಿ. 1930ರ ದಶಕದಿಂದ ಕೆಲವು ದಶಕಗಳ ಕಾಲ ಹೆಂಗಸರು ಬಸುರಿಯೋ ಅಲ್ಲವೋ ಎಂದು ತಿಳಿಯಲು ಆಸ್ಪತ್ರೆಗಳು ಇದನ್ನೇ ಸಾಕುತ್ತಿದ್ದವು. ಬಸುರಿಯ ಮೂತ್ರವನ್ನು ಚುಚ್ಚಿದರೆ ಹೆಣ್ಣು ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ವಿಜ್ಞಾನಿ ಜಾನ್ ಗರ್ಡನ್ ಅವರಿಗೆ 2012ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ತಂದುಕೊಟ್ಟದ್ದು ಈ ಕಪ್ಪೆಯ ಮೇಲೆ ಮಾಡಿದ ತದ್ರೂಪಿ ಪ್ರಯೋಗಗಳೇ. ಹದಿನೈದು ವರ್ಷ ಬದುಕುವುದು ಇದಕ್ಕೆ ಹೊಸದಲ್ಲ. ತಂಪು ಇಷ್ಟ, 18ರಿಂದ 22 ಡಿಗ್ರಿ ಸಾಕು, ಹೀಟರ್ ಬೇಡ. ಇದು ಕೈಯಿಂದ ಬಾಚಿ ಬಾಚಿ ತಿನ್ನುತ್ತದೆ, ಸಾಕು ಎನ್ನುವುದು ಗೊತ್ತಿಲ್ಲ. ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಮಾತ್ರ, ಒಂದು ದಪ್ಪ ಎರೆಹುಳುವೋ, ಎರಡು ಬೆಳೆದ ರೇಷ್ಮೆ ಹುಳವೋ, ತಲೆಯ ಗಾತ್ರದಷ್ಟು ಪೆಲೆಟ್ಟೋ ಕೊಟ್ಟರೆ ಮುಗಿಯಿತು. ಕೋಳಿ ಮಾಂಸದ ಚೂರು, ಕೊಬ್ಬು ಕೊಟ್ಟು ರೂಢಿ ಮಾಡಬೇಡಿ. ಕುಬ್ಜ ಕಪ್ಪೆಯ ಜೊತೆ ಒಂದೇ ತೊಟ್ಟಿಯಲ್ಲಿಟ್ಟರೆ ಕುಬ್ಜ ಕಪ್ಪೆಯೇ ಅದರ ಊಟವಾಗುತ್ತದೆ.

ಸಾಕಲಾಗದೆ ಬೇಸತ್ತವರು ಉಗುರುಗಪ್ಪೆಯನ್ನು ಕೆರೆಗೋ ಅರ್ಕಾವತಿಗೋ ಬಿಡುವುದು ದೊಡ್ಡ ಅನಾಹುತ. ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್‌ಗಳಲ್ಲಿ ಹೀಗೆ ಹೊರಬಿದ್ದ ಉಗುರುಗಪ್ಪೆ ಅಲ್ಲೇ ಬೀಡುಬಿಟ್ಟು ಸ್ಥಳೀಯ ಜೀವಿಗಳನ್ನು ತಿನ್ನುತ್ತಿದೆ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನೂ ಇದು ತಾನು ಸಾಯದೆ ಹೊತ್ತು ತಿರುಗಬಲ್ಲದು. ನಮ್ಮ ನೆಲದ ಕಪ್ಪೆಗಳ ಲೆಕ್ಕವೇ ಇನ್ನೂ ಮುಗಿದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಒಂದು ಬಿಲಗಪ್ಪೆಗೆ ಊರಿನ ಹೆಸರನ್ನೇ ಇಟ್ಟು ಹೊಸ ಪ್ರಭೇದವೆಂದು ವಿಜ್ಞಾನಿಗಳು ದಾಖಲಿಸಿದ್ದು 2020ರಲ್ಲಿ. ಬೇಡವಾದರೆ ಅಂಗಡಿಗೆ ಮರಳಿಸಿ, ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಿ. ಹಾಗೆಯೇ ಮಳೆಗಾಲದಲ್ಲಿ ಕೆರೆಯಿಂದ ನಮ್ಮ ಕಪ್ಪೆ ಹಿಡಿದು ತಂದು ಈ ತೊಟ್ಟಿಗೆ ಹಾಕುವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕಪ್ಪೆಗಳೂ ಇವೆ. ಅವಕ್ಕೆ ನೆಲವೂ ಬೇಕು, ಗಾಜಿನ ನೀರಿನಲ್ಲಿ ಅವು ಬಾಳುವುದಿಲ್ಲ.

ಊಟ ಹಾಕುವ ಕೆಲಸವನ್ನು ಮಕ್ಕಳಿಗೆ ಕೊಡುವುದು ಒಳ್ಳೆಯದೇ, ಜೊತೆಗೆ ನೀವಿರಿ. 2008ರಿಂದ 2011ರವರೆಗೆ ಅಮೆರಿಕದಲ್ಲಿ ಕುಬ್ಜ ಕಪ್ಪೆಯ ತೊಟ್ಟಿಗಳಿಂದಲೇ ಸಾಲ್ಮೊನೆಲ್ಲಾ ಸೋಂಕು ಹರಡಿತ್ತು, ಹೆಚ್ಚು ನರಳಿದವರು ಪುಟ್ಟ ಮಕ್ಕಳು. ಊಟಕ್ಕೆ ಮುಂಚೆ ಬರೀ ನೀರಲ್ಲಿ ಕೈ ತೊಳೆಯುವುದು ಕಪ್ಪೆಗಾಗಿ, ಆದ ಮೇಲೆ ಸೋಪು ಹಾಕಿ ತೊಳೆಯುವುದು ಮಗುವಿಗಾಗಿ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯದೆ ಗಿಡಕ್ಕೆ ಹಾಕಿ. ಐದು ವರ್ಷದೊಳಗಿನ ಮಗು, ಬಸುರಿ, ಕಾಯಿಲೆಯವರು ಮನೆಯಲ್ಲಿದ್ದರೆ ಅವರು ತೊಟ್ಟಿಗೆ ಕೈ ಹಾಕದಿರುವುದೇ ಲೇಸು.

ಮದುವೆಗೋ ಜಾತ್ರೆಗೋ ಮೂರು ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಯಾರಿಗೂ ಹೇಳಿ ಹೋಗಬೇಕಿಲ್ಲ. ಹೊರಡುವ ಹಿಂದಿನ ದಿನ ಚೆನ್ನಾಗಿ ಊಟ ಕೊಟ್ಟು, ಉಳಿಕೆ ತೆಗೆದು, ಒಂದಿಷ್ಟು ನೀರು ಬದಲಿಸಿ ಹೋಗಿ. ಆರೋಗ್ಯವಾದ ಬೆಳೆದ ಕಪ್ಪೆಗೆ ಅಷ್ಟು ದಿನದ ಉಪವಾಸ ಏನೂ ಅಲ್ಲ. ಅದಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಪ್ಯಾಕೆಟ್ಟನ್ನೇ ಕೊಟ್ಟು ಹೋಗಬೇಡಿ, ಕನಿಕರಕ್ಕೆ ಒಂದೇ ಸಲ ಅರ್ಧ ಪ್ಯಾಕೆಟ್ ಹಾಕಿಬಿಡುತ್ತಾರೆ. ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಫ್ರೀಜರಿನಲ್ಲಿಡಿ. ಹಣತೆಯಲ್ಲಿ ಹೇಗೆ ಇಳಿಸಬೇಕೆಂದು ಒಂದು ಸಲ ಅವರ ಕೈಯಿಂದಲೇ ಮಾಡಿಸಿ ನೋಡಿ ಹೊರಡಿ.